ಬ್ಲೈಂಡ್ ವಿಲ್ಲಿ ಜಾನ್ಸನ್: ಮೂರೂಕಾಲು ನಿಮಿಷವನ್ನು ಕೇಳುವ ಬಗೆ

ಅಮೆರಿಕದ ಅಂಧ ಗಾಯಕ, ಗಿಟಾರ್ ವಾದಕ ಬ್ಲೈಂಡ್ ವಿಲ್ಲಿ ಜಾನ್ಸನ್ ಅವರ 'ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್' ಧ್ವನಿಮುದ್ರಣವಾದದ್ದು 1927ರ ಡಿಸೆಂಬರ್ 3ರಂದು, ಡಲ್ಲಾಸ್‌ನಲ್ಲಿ. ಒಂದು ಗಿಟಾರು, ಒಂದು ಕೊರಳು, ಅಷ್ಟೇ. ಸಾಹಿತ್ಯ ಹುಡುಕಬೇಡಿ, ಇಲ್ಲಿ ಮಾತೇ ಇಲ್ಲ. ಹೆಸರು ಬಂದಿರುವುದು ಶಿಲುಬೆಗೇರುವ ಮುನ್ನ ಏಸು ಗೆತ್ಸೆಮನೆ ತೋಟದಲ್ಲಿ ಕಳೆದ ರಾತ್ರಿಯ ಕುರಿತ ಹಳೆಯ ಭಕ್ತಿಗೀತೆಯಿಂದ. ಇಷ್ಟು ತಿಳಿದಿದ್ದರೆ ಸಾಕು.

ಫೋನಿನ ಸ್ಪೀಕರ್ ಬೇಡ. ಅದರಲ್ಲಿ ತಗ್ಗು ಸ್ವರದ ದಪ್ಪ ತಂತಿಗಳು ಕಳೆದುಹೋಗುತ್ತವೆ. ಹೆಡ್‌ಫೋನ್ ಹಾಕಿ, ಬಾಸ್ ಬೂಸ್ಟ್, ಸರೌಂಡ್ ಎರಡನ್ನೂ ಆಫ್ ಮಾಡಿ. ಇದು ಮೋನೊ ಮುದ್ರಣ, ಅಂದರೆ ಎರಡೂ ಕಿವಿಗೆ ಒಂದೇ ದನಿ, ಕೃತಕವಾಗಿ ಹರಡಿದರೆ ದನಿ ಪೊಳ್ಳಾಗುತ್ತದೆ. ಹಳೆಯ ತಟ್ಟೆಯ ಚರಚರ ಸದ್ದನ್ನು ಪೂರ್ತಿ ಅಳಿಸಿದ ಪ್ರತಿಯನ್ನೂ ಆರಿಸಬೇಡಿ. ಆ ಸದ್ದಿನ ಜೊತೆಗೆ ತಂತಿಯ ಮೇಲೆ ಸ್ಲೈಡ್ (ತಂತಿಯ ಮೇಲೆ ಜಾರಿಸುವ ಗಟ್ಟಿ ವಸ್ತು) ಉಜ್ಜುವ ಸದ್ದು, ಉಸಿರು ಕೂಡ ಅಳಿಸಿಹೋಗುತ್ತವೆ. ಅರ್ಧ ನಿಮಿಷದಲ್ಲಿ ಕಿವಿ ಚರಚರಕ್ಕೆ ಒಗ್ಗಿಕೊಳ್ಳುತ್ತದೆ.

ಮೊದಲ ಸಲ ಸುಮ್ಮನೆ ಕೇಳಿ. ಎರಡನೆಯ ಸಲ ಗಿಟಾರನ್ನು ಮಾತ್ರ ಹಿಂಬಾಲಿಸಿ: ಸ್ವರದಿಂದ ಸ್ವರಕ್ಕೆ ಜಾರುವಾಗ ಅದು ನಡುವೆ ಎಲ್ಲಿ ತಡೆಯುತ್ತದೆ? ಮೂರನೆಯ ಸಲ ಕೊರಳು. ಗಿಟಾರು ಬಿಟ್ಟಲ್ಲಿಂದ ನರಳಿಕೆ ಎತ್ತಿಕೊಳ್ಳುತ್ತದೆ, ಕೆಲವೆಡೆ ಎರಡೂ ಒಂದೇ ಸ್ವರದ ಮೇಲೆ ನಿಲ್ಲುತ್ತವೆ. ಎದೆ ಹಿಂಡುವುದು ಅಲ್ಲೇ.

ಗಿಟಾರ್ ಇದ್ದವರು ದಪ್ಪ ತಂತಿಯಿಂದ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಎಂದು ಶ್ರುತಿ ಮಾಡಿ. ಮುದ್ರಣಕ್ಕೆ ಹೊಂದದಿದ್ದರೆ ನಿಮ್ಮ ತಪ್ಪಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ತಟ್ಟೆಗಳ ವೇಗ ಒಂದೇ ಸಮ ಇರುತ್ತಿರಲಿಲ್ಲ. ಕಿವಿಯಿಂದಲೇ ಸರಿಪಡಿಸಿಕೊಳ್ಳಿ. ಸ್ಲೈಡನ್ನು ಒತ್ತಬೇಡಿ, ಫ್ರೆಟ್ಟಿನ ಕಂಬಿಯ ನೇರಕ್ಕೆ ತಂತಿಗೆ ತಾಗಿಸಿದರೆ ಸಾಕು.