ಗದಗಕ್ಕೆ ಹೋಗುವಾಗ ಹದಿಮೂರು, ಬರುವಾಗ ಹತ್ತು

"ಎಷ್ಟ್ ಕೊಡ್ತದ್ರೀ ಗಾಡಿ?"

ಹುಬ್ಬಳ್ಳಿಯಲ್ಲಿ ದೊಡ್ಡ ಗಾಡಿ ಇಟ್ಟುಕೊಂಡವರಿಗೆ ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಪಂಪಿನ ಹುಡುಗ ಕೇಳುತ್ತಾನೆ, ಮದುವೆ ಮನೆಯಲ್ಲಿ ಬೀಗರು ಕೇಳುತ್ತಾರೆ. ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಅಂತ ಗೊತ್ತಾದರೆ 'ಅಯ್ಯೋ ಪಾಪ' ಅನ್ನುವ ಮುಖ ಬೇರೆ. ಮೊದಲೆಲ್ಲ ನಾನು "ಲೀಟರಿಗೆ ಹನ್ನೆರಡು ಕಿಲೋಮೀಟರ್" ಅಂದುಬಿಡುತ್ತಿದ್ದೆ. ಆ ಹನ್ನೆರಡು ಎಲ್ಲಿಂದ ಬಂತು ಅಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೆ ಗಾಡಿ ಮಾರಿದವರು ಹೇಳಿದ್ದರು, ನಾನೂ ಹೇಳುತ್ತಿದ್ದೆ.

ನನ್ನದು 2015ರ ಸ್ಕಾರ್ಪಿಯೋ. 2.2 ಲೀಟರಿನ ಟರ್ಬೊ ಡೀಸೆಲ್ ಇಂಜಿನ್, ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ. 2019ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ರಜೆ ಸಿಕ್ಕರೆ ಹೆಂಡತಿ, ಇಬ್ಬರು ಮಕ್ಕಳು, ಟೆಂಟು, ಸಣ್ಣ ಗ್ಯಾಸ್ ಒಲೆ ಎಲ್ಲ ಹಾಕಿಕೊಂಡು ಹೊರಟುಬಿಡುತ್ತೇವೆ. ಅಂಕೋಲಾ, ಶಿರಸಿ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡೋಕೆ ಗದಗ ಜಿಲ್ಲೆಯ ಮಾಗಡಿ ಕೆರೆ. ಎರಡು ವರ್ಷ ಡೀಸೆಲ್ ಹಾಕಿಸಿದ್ದೇ ಹಾಕಿಸಿದ್ದು, ಲೆಕ್ಕ ಮಾತ್ರ ಇಟ್ಟಿರಲಿಲ್ಲ. ಆಮೇಲೆ ಗೊಬ್ಬರದಂಗಡಿಯವರು ಪುಕ್ಕಟೆ ಕೊಟ್ಟ ಪಾಕೆಟ್ ಡೈರಿಯೊಂದನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಹಾಕಿದೆ. ಪ್ರತಿ ಸಲ ತಾರೀಖು, ಕಿಲೋಮೀಟರ್, ಲೀಟರ್, ಮೇಲೆ ಕ್ಯಾರಿಯರ್‌ನಲ್ಲಿ ಸಾಮಾನು ಇತ್ತೋ ಇಲ್ಲವೋ, ಇಷ್ಟು ಬರೆಯೋದು. ಗಾಳಿಯ ಬಗ್ಗೆ ಬರೆಯಬೇಕು ಅಂತ ಆಗ ಹೊಳೆದಿರಲಿಲ್ಲ.

ಅಳೆಯುವ ರೀತಿ ಎಲ್ಲರಿಗೂ ಗೊತ್ತಿರುವುದೇ, ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ. ಮತ್ತೆ ತುಂಬಿಸುವಾಗ ಎಷ್ಟು ಲೀಟರ್ ಹಿಡಿಯಿತೋ ಅಷ್ಟು ಖರ್ಚಾಗಿದೆ ಅಂತ ಲೆಕ್ಕ. ಆದರೆ ಡೀಸೆಲ್‌ನಲ್ಲಿ ಒಂದು ತಕರಾರಿದೆ. ಅದು ಜೋರಾಗಿ ಬಿದ್ದರೆ ನೊರೆ ಬರುತ್ತದೆ. ಆ ನೊರೆ ಮೇಲೆ ಬಂದು ನಾಝಲ್‌ಗೆ ತಾಗಿದರೆ, ಟ್ಯಾಂಕ್ ತುಂಬದೇ ಇದ್ದರೂ ಟಕ್ ಅಂತ ಕಟ್ ಆಗುತ್ತದೆ. ಅದಕ್ಕೆ ನಾನು ಯಾವಾಗಲೂ ಅದೇ ಪಂಪು, ಅದೇ ಬದಿ, ಗಾಡಿ ಅದೇ ಮಟ್ಟಸ ಜಾಗದಲ್ಲಿ. ಮೊದಲ ಟಕ್ ಆದ ಮೇಲೆ ನೊರೆ ಇಳಿಯುವ ತನಕ ನಿಂತು, ಸಣ್ಣಗೆ ಬಿಟ್ಟು, ಎರಡನೇ ಟಕ್‌ಗೆ ಸಾಕು. ಪಂಪಿನ ಹುಡುಗನಿಗೆ ಇದು ದೊಡ್ಡ ಕಿರಿಕಿರಿ. "ಸರ, ಹಿಂದ್ ಪಾಳೆ ಐತ್ರೀ" ಅಂತಾನೆ. ಅದಕ್ಕೇ ಬೆಳಗ್ಗೆ ಬೇಗ ಹೋಗುತ್ತೇನೆ.

ಇನ್ನೊಂದು ಮೋಸ ಟೈರಿನದು. ಗಾಡಿಗೆ ಮೂಲದಲ್ಲಿದ್ದ ಟೈರ್ 235/65 ಆರ್17. ನಾನು ಎತ್ತರ ಬೇಕು ಅಂತ 245/70 ಆರ್17 ಹಾಕಿಸಿದ್ದೆ. ಸುತ್ತಳತೆ ನೂರಕ್ಕೆ ಐದು ಜಾಸ್ತಿ. ಅಂದರೆ ಮೀಟರ್ ನೂರು ಅಂದಾಗ ಗಾಡಿ ನಿಜವಾಗಿ ನೂರೈದು ಕಿಲೋಮೀಟರ್ ಓಡಿರುತ್ತದೆ. ಇದು ಗೊತ್ತಿಲ್ಲದೆ, ಗಾಡಿ ಕಡಿಮೆ ಕೊಡುತ್ತದೆ ಅಂತ ನಾಲ್ಕು ತಿಂಗಳು ಟೈರನ್ನು ಬೈದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲು ಎಣಿಸುತ್ತ ಹೋದಾಗ ಗೊತ್ತಾಯಿತು. ಈಗ ಮೀಟರಿನ ಲೆಕ್ಕಕ್ಕೆ ಐದು ಪರ್ಸೆಂಟ್ ಸೇರಿಸಿಯೇ ಬರೆಯುತ್ತೇನೆ. ಇಲ್ಲಿ ಕೊಟ್ಟಿರುವುದೆಲ್ಲ ಆ ತಿದ್ದಿದ ಲೆಕ್ಕ.

ಮೊದಲ ಪಾಠ ವೇಗದ್ದು. ಹುಬ್ಬಳ್ಳಿಯಿಂದ ಹಾವೇರಿ, ರಾಣೆಬೆನ್ನೂರು ದಾಟಿ ದಾವಣಗೆರೆಗೆ ಹೋಗಿ ವಾಪಸ್ ಬಂದರೆ ಸುಮಾರು 290 ಕಿಲೋಮೀಟರ್. ಒಂದು ಸಲ 80 ದಾಟದಂತೆ ಹೋಗಿಬಂದೆ, 20.6 ಲೀಟರ್. ಲೀಟರಿಗೆ 14 ಬಂತು, ನನಗೇ ನಂಬಿಕೆ ಆಗಲಿಲ್ಲ. ಎರಡು ವಾರ ಬಿಟ್ಟು ಅದೇ ದಾರಿಯಲ್ಲಿ 100ರಲ್ಲಿ ಹೊಡೆದೆ. 25 ಲೀಟರ್, ಅಂದರೆ 11.6. ಗಾಳಿಯನ್ನು ತಳ್ಳುವ ಬಲ ವೇಗದ ವರ್ಗದಷ್ಟು ಏರುತ್ತದೆ ಅಂತ ಶಾಲೆಯಲ್ಲಿ ಹೇಳಿರುತ್ತಾರೆ. 80ರಿಂದ 100ಕ್ಕೆ ಹೋದರೆ ಆ ಬಲ ಒಂದೂವರೆ ಪಟ್ಟಿಗಿಂತ ಜಾಸ್ತಿ. ಸ್ಕಾರ್ಪಿಯೋ ಅಂದರೆ ಚಕ್ರ ಹಚ್ಚಿದ ಕಪಾಟು, ಅದಕ್ಕೆ ಈ ಪೆಟ್ಟು ಚೆನ್ನಾಗಿಯೇ ಬೀಳುತ್ತದೆ. ಅಷ್ಟು ಜೋರಾಗಿ ಹೋಗಿ ಉಳಿಸಿದ ಮುಕ್ಕಾಲು ತಾಸು ಹಾವೇರಿ ಹತ್ತಿರ ಮಿರ್ಚಿ, ಚಹಾದಲ್ಲಿ ಖರ್ಚಾಯಿತು.

ಆದರೆ ನನ್ನ ತಲೆ ಕೆಡಿಸಿದ್ದು ಗದಗ ದಾರಿ. 2023ರ ಜುಲೈನಲ್ಲಿ ಮನೆ ಕೆಲಸಕ್ಕೆ ಅಂತ ನಾಲ್ಕು ಸಲ ಗದಗಕ್ಕೆ ಹೋಗಬೇಕಾಯಿತು. ಅಣ್ಣಿಗೇರಿ ಮೇಲಿನ ನೇರ ದಾರಿ, 58 ಕಿಲೋಮೀಟರ್, ಘಟ್ಟ ಇಲ್ಲ ಏನಿಲ್ಲ. ಎರಡೂ ಊರು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಹುಬ್ಬಳ್ಳಿ ಬಿಡುವಾಗ ಫುಲ್, ಗದಗ ಮುಟ್ಟಿದ ಕೂಡಲೇ ಫುಲ್, ವಾಪಸ್ ಬಂದು ಫುಲ್. ಒಂದು ಸಲದ ಲೆಕ್ಕಕ್ಕೆ ಅರ್ಥವಿಲ್ಲ, ಅರ್ಧ ಲೀಟರ್ ನೊರೆಯೇ ಎಲ್ಲ ಕೆಡಿಸುತ್ತದೆ. ನಾಲ್ಕೂ ಸಲದ್ದು ಕೂಡಿಸಿದೆ. ಹೋಗುವಾಗ 232 ಕಿಲೋಮೀಟರಿಗೆ 17.3 ಲೀಟರ್, ಅಂದರೆ 13.4. ಬರುವಾಗ ಅದೇ 232ಕ್ಕೆ 22.1 ಲೀಟರ್, ಅಂದರೆ 10.5.

ಅದೇ ಗಾಡಿ, ಅದೇ ರಸ್ತೆ, ಅದೇ ಚಾಲಕ, ಅದೇ 80ರ ವೇಗ. ಮೊದಲು ಗದಗಿನ ಪಂಪಿನ ಮೇಲೆ ಅನುಮಾನ ಬಂತು. ಅಲ್ಲಿ ಬೇರೆ ಪಂಪಿನಲ್ಲಿ ಹಾಕಿಸಿ ನೋಡಿದ್ದೂ ಆಯಿತು. ನಾಲ್ಕನೇ ಸಲ ಬರುವಾಗ ಅಣ್ಣಿಗೇರಿ ಹತ್ತಿರ ಗಾಡಿ ನಿಲ್ಲಿಸಿದ್ದೆ. ಇಳಿಯೋಕೆ ಬಾಗಿಲು ತೆಗೆದರೆ ಬಾಗಿಲೇ ಕೈಗೆ ಬರಲಿಲ್ಲ, ಎದುರಿನಿಂದ ಗಾಳಿ ಒತ್ತಿ ಹಿಡಿದಿತ್ತು. ಹೊಲದ ಬದುವಿನಲ್ಲಿ ಇಬ್ಬರು ಹುಡುಗರು ಪಟ ಹಾರಿಸುತ್ತಿದ್ದರು. ಕಾರ ಹುಣ್ಣಿಮೆ ಮುಗಿದರೂ ನಮ್ಮ ಕಡೆ ಪಟದ ಹುಚ್ಚು ಅಷ್ಟು ಬೇಗ ಇಳಿಯುವುದಿಲ್ಲ. ಪಟದ ದಾರ ಬಿಗಿಯಾಗಿ ಗದಗಿನ ಕಡೆ ವಾಲಿತ್ತು. ಹುಡುಗರು ಹುಬ್ಬಳ್ಳಿ ಕಡೆ ಬೆನ್ನು ಮಾಡಿ ನಿಂತಿದ್ದರು.

ಆಷಾಢದ ಗಾಳಿ! ಸಣ್ಣಂದಿನಿಂದ ಕೇಳಿದ್ದೇ ಕೇಳಿದ್ದು, ಡೀಸೆಲ್ ಲೆಕ್ಕದಲ್ಲಿ ಅದನ್ನು ಹುಡುಕಬೇಕು ಅಂತ ಗೊತ್ತಿರಲಿಲ್ಲ, ಅಷ್ಟೇ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಈ ಬಯಲಿನ ಮೇಲೆ ಒಂದೇ ಸಮ ಹೊಡೆಯುತ್ತದೆ. ಕಪ್ಪತಗುಡ್ಡದ ಸುತ್ತ ಅಷ್ಟು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ನಾನು 80ರಲ್ಲಿ ಬರುತ್ತಿದ್ದರೂ ಎದುರಿಗೆ 20ರ ಗಾಳಿ ಇದ್ದರೆ, ಗಾಡಿಯ ಮೂತಿಗೆ ಬಡಿಯುವುದು 100ರ ಗಾಳಿ. ಹೋಗುವಾಗ ಅದೇ ಗಾಳಿ ಬೆನ್ನಿಗಿರುತ್ತದೆ, ಆಗ 60. ಕೂಡಿಸಿ ಸರಾಸರಿ ಮಾಡಿದರೆ 11.8 ಬರುತ್ತದೆ. ಹೋಗಿಬಂದ ಲೆಕ್ಕ ಒಟ್ಟಿಗೆ ಹಾಕಿದವರಿಗೆ ಗಾಳಿ ಕಾಣುವುದೇ ಇಲ್ಲ, ನನಗೆ ಎರಡು ವರ್ಷ ಕಾಣದೇ ಇದ್ದದ್ದು ಹಾಗೆ. ಡಿಸೆಂಬರ್‌ನಲ್ಲಿ ಮಾಗಡಿಗೆ ಹೋದಾಗ ಗದಗ ತನಕದ ಲೆಕ್ಕ ಬೇರೆಯಾಗಿ ತೆಗೆದೆ. ಹೋಗುವಾಗ, ಬರುವಾಗ ಎರಡೂ ಹನ್ನೆರಡರ ಆಸುಪಾಸು.

ಈಗ ಮಳೆಗಾಲದಲ್ಲಿ ಗದಗದಿಂದ ಬರುವಾಗ 65, 70ಕ್ಕೆ ಇಳಿಸುತ್ತೇನೆ. ಹೆಂಡತಿಗೆ ನಿದ್ದೆ ಬರುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ಗಾಳಿಯ ವಿಷಯ ತಲೆಗೆ ಹೋದ ಮೇಲೆ ಮೇಲಿನ ಕ್ಯಾರಿಯರ್ ಕಣ್ಣಿಗೆ ಬಿತ್ತು. ಒಂದು ಸಲ ಬ್ಯಾಡಗಿಯಿಂದ ಅಕ್ಕನ ಮನೆಗೆ ಅಂತ ಎರಡು ಚೀಲ ಮೆಣಸಿನಕಾಯಿ ಮೇಲೆ ಕಟ್ಟಿಕೊಂಡು ಬಂದಿದ್ದೆ. ಒಣ ಮೆಣಸಿನಕಾಯಿ ಚೀಲ ನೋಡೋಕೆ ಆನೆ, ಎತ್ತಿದರೆ ಹಗುರ. ಗಾಡಿಗೆ ಅದು ಭಾರವೇ ಅಲ್ಲ. ಆದರೂ ಆ ಟ್ಯಾಂಕು 10.2ಕ್ಕೆ ಬಿತ್ತು. ತಾಡಪತ್ರಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಇಳಿದು ಬಿಗಿದು ಕಟ್ಟಿದೆ, ಮತ್ತೆ ಬಿಚ್ಚಿತು. ಇನ್ನೊಂದು ಸಲ ಅದಕ್ಕಿಂತ ಎಷ್ಟೋ ಭಾರ, ಒಂದು ಕ್ವಿಂಟಲ್ ಜೋಳ, ಒಳಗೆ ಹಾಕಿಕೊಂಡು ಬಂದಾಗ ಹೆಚ್ಚು ಫರಕು ಬಿದ್ದಿರಲಿಲ್ಲ. ಹೆದ್ದಾರಿಯಲ್ಲಿ ಒಳಗಿನ ತೂಕಕ್ಕಿಂತ ಮೇಲಿನ ಗಾತ್ರವೇ ಜಾಸ್ತಿ ಕುಡಿಸುತ್ತದೆ.

ಘಟ್ಟದಲ್ಲಿ ಮಾತ್ರ ತೂಕದ್ದೇ ಕಾರುಬಾರು. ಅಂಕೋಲಾದಿಂದ ಯಲ್ಲಾಪುರದ ಕಡೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಬರಬೇಕು. ಸಮುದ್ರ ಮಟ್ಟದಿಂದ ಆರುನೂರು ಮೀಟರಿಗಿಂತ ಮೇಲೆ. ಸಾಮಾನು, ಜನ ಸೇರಿ 2300 ಕಿಲೋ ಗಾಡಿಯನ್ನು ಅಷ್ಟು ಎತ್ತರಕ್ಕೆ ಏರಿಸಲು ಎಷ್ಟು ಬೇಕು ಅಂತ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಸುಮಾರು ಒಂದು ಲೀಟರ್, ಮೇಲೆ ಸ್ವಲ್ಪ. ಅಷ್ಟೇನಾ ಅನ್ನಿಸಿತು. ಘಟ್ಟ ಅಂದರೆ ಡೀಸೆಲ್ ಸುರಿದುಹೋಗುತ್ತದೆ ಅಂತ ಹೆದರುತ್ತಿದ್ದೆನಲ್ಲ. ಉಳಿದದ್ದು ಹೋಗುವುದು ಲಾರಿ ಹಿಂದೆ ನಿಂತು, ಬಿಟ್ಟು, ಮತ್ತೆ ಎಳೆಯುವುದರಲ್ಲಿ. ಟರ್ಬೊ ಗಾಡಿಗೆ ಏರಿನಲ್ಲಿ 1800ರ ಮೇಲೆ ಆರ್‌ಪಿಎಂ ಇರಬೇಕು. ಅದರ ಕೆಳಗೆ ದೊಡ್ಡ ಗೇರಿನಲ್ಲಿ ಒದ್ದರೆ ಟರ್ಬೊ ಗಾಳಿ ತುಂಬುವುದಿಲ್ಲ, ಇಂಜಿನ್ ಗುದ್ದಾಡುತ್ತದೆ. ಮೂರನೇ ಗೇರಿಗೆ ಬಂದು ಆರಾಮಾಗಿ ಹತ್ತೋದು ಒಳ್ಳೆಯದು.

ಇಳಿಯುವಾಗಿನ ಕಥೆ ಬೇರೆ. ನಮ್ಮ ಕಾಕಾ ಹಳೇ ಲಾರಿ ಮನುಷ್ಯ. "ನ್ಯೂಟ್ರಲ್ ಮಾಡೋ ತಮ್ಮಾ, ಎಣ್ಣಿ ಉಳೀತದ" ಅಂತ ಪಕ್ಕದಲ್ಲಿ ಕೂತು ಒಂದೇ ಹಠ. ಡೀಸೆಲ್ ಎಷ್ಟು ಬಿಡಬೇಕು ಅಂತ ಕಂಪ್ಯೂಟರೇ ನೋಡಿಕೊಳ್ಳುವ ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಗೇರ್ ಹಾಕಿಯೇ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪೂರ್ತಿ ಬಂದ್ ಆಗುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಿರಲಿ ಅಂತ ಸುರಿಯಲೇಬೇಕು. ಮೇಲಿಂದ ಬ್ರೇಕ್ ಕಾದು ಕೈಕೊಡುವ ಭಯ. ಕಾಕಾ ಒಪ್ಪಲಿಲ್ಲ. ನಾನು ಎರಡನೇ ಗೇರ್ ಬಿಡಲಿಲ್ಲ.

ಒಂದು ಸಲ ಎಲ್ಲ ಲೆಕ್ಕವೂ ತಪ್ಪಿತು. ಯಾವ ದಿಕ್ಕಿಗೆ ಹೋದರೂ 9.5. ಏರಿನಲ್ಲಿ ಕರಿ ಹೊಗೆ, ಎಳೆಯುವಾಗ ಸಣ್ಣದಾಗಿ ಸೀಟಿ. ಒಂದು ಗ್ಯಾರೇಜಿನಲ್ಲಿ ಇಂಜೆಕ್ಟರ್ ನಾಲ್ಕೂ ಬದಲಿಸಬೇಕು ಅಂದರು, ಹೇಳಿದ ಮೊತ್ತ ಕೇಳಿ ಚಾವಿ ಇಸಕೊಂಡು ಬಂದೆ. ಆಮೇಲೆ ಪರಿಚಯದ ಹಿರಿಯ ಮಿಸ್ತ್ರಿಯ ಹತ್ತಿರ ಹೋದೆ. ಅವರು ಬಾನೆಟ್ ಎತ್ತಿ ಉಪಕರಣ ಏನೂ ತಗೊಳ್ಳಲಿಲ್ಲ. ಟಾರ್ಚ್ ಹಾಕಿ, ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪನ್ನೇ ನೋಡುತ್ತಾ ಹೋದರು. ಕ್ಲಿಪ್ ಹತ್ತಿರ ಒಂದು ಕಡೆ ಮಾತ್ರ ಎಣ್ಣೆ ಜಿಡ್ಡು, ಅದರ ಮೇಲೆ ಕೆಂಪು ಧೂಳು ಮೆತ್ತಿ ಕೂತಿತ್ತು. ಬೆರಳಿನಿಂದ ಒರೆಸಿ ಪೈಪನ್ನು ಬಗ್ಗಿಸಿದರು. ಉಗುರುದ್ದದ ಸೀಳು ಬಾಯಿ ತೆರೆಯಿತು.

"ನಿಂತಾಗ ಮುಚ್ಚಿರತದ ಸರ, ಟರ್ಬೊ ಒತ್ತಿದಾಗಷ್ಟೇ ಬಿಚ್ಚತದ" ಅಂದರು. ಟರ್ಬೊ ತುಂಬಿದ ಗಾಳಿ ಇಂಜಿನ್ನಿಗೆ ಹೋಗದೆ ಅಲ್ಲೇ ಸೋರುತ್ತಿತ್ತು. ಗಾಳಿ ಕಡಿಮೆ, ಡೀಸೆಲ್ ಜಾಸ್ತಿ, ಅದಕ್ಕೇ ಹೊಗೆ. ಪೈಪು, ಎರಡು ಕ್ಲಿಪ್ಪು, ಒಂದು ಕಪ್ ಚಹಾ. ಮುಂದಿನ ಟ್ಯಾಂಕಿಗೆ ಮತ್ತೆ ಹನ್ನೆರಡು. ಡೈರಿ ಇರದಿದ್ದರೆ ನಾನು ಇದನ್ನು ಗಾಳಿಯ ತಲೆಗೇ ಕಟ್ಟಿ ಕೂತಿರುತ್ತಿದ್ದೆ.

ಇನ್ನು ನಾಲ್ಕು ಚಕ್ರದ ಮಾತು. ಡಾಂಬರಿನ ಮೇಲೆ ನಾನು ಅದನ್ನು ಹಾಕುವುದೇ ಇಲ್ಲ, ಹಾಕಲೂಬಾರದು. ಈ ಗಾಡಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್ ಒಟ್ಟಿಗೆ ಬಿಗಿಯುತ್ತವೆ, ತಿರುವಿನಲ್ಲಿ ಒಂದನ್ನೊಂದು ಎಳೆದಾಡುತ್ತವೆ. ಹಾಕದಿದ್ದರೂ ಅದರ ಭಾರ ಹೊರುವುದು ತಪ್ಪುವುದಿಲ್ಲ, ಅದು ಆ ಸೌಕರ್ಯದ ಬಾಡಿಗೆ ಅಂದುಕೊಂಡಿದ್ದೇನೆ. ನಿಜವಾಗಿ ಬೇಕಾಗಿದ್ದು ನವಲಗುಂದ ಕಡೆಯ ಎರೆ ಹೊಲದಲ್ಲಿ. ಮಳೆ ಬಿದ್ದ ಎರೆ ಮಣ್ಣು ಟೈರಿಗೆ ಅಂಟಿ ಅಂಟಿ ಚಕ್ರ ಉಂಡೆಯಾಗುತ್ತದೆ, ಮಡ್‌ಗಾರ್ಡಿನೊಳಗೆ ತುಂಬಿಕೊಳ್ಳುತ್ತದೆ. ಫೋರ್ ಲೋ, ಅಂದರೆ ನಾಲ್ಕೂ ಚಕ್ರ ನಿಧಾನಕ್ಕೆ ಜೋರಾಗಿ ಎಳೆಯುವ ಗೇರ್, ಹಾಕಿ ಎರಡು ಕಿಲೋಮೀಟರ್ ಹೊರಬರಲು ಒಂದು ತಾಸಿನ ಮೇಲೆ ಹಿಡಿಯಿತು, ಮೂರು ಲೀಟರ್ ಹತ್ತಿರ ಕುಡಿಯಿತು. ಇಂಥ ಕಡೆ ಕಿಲೋಮೀಟರ್ ಲೆಕ್ಕ ಬಿಟ್ಟು ತಾಸಿನ ಲೆಕ್ಕ ಹಿಡಿಯಬೇಕು, ಟ್ರ್ಯಾಕ್ಟರಿನವರು ಮಾಡುವ ಹಾಗೆ. ಅವತ್ತು ಟೈರಿನ ಗಾಳಿ 20 ಪೌಂಡಿಗೆ ಇಳಿಸಿದ್ದೆ. ಎರೆಯಲ್ಲಿ ಅದರಿಂದ ಏನೂ ಉಪಯೋಗ ಆಗಲಿಲ್ಲ. ಮತ್ತೆ ಹಾಕಿಸೋದು ಮರೆತು ಹುಬ್ಬಳ್ಳಿ ತನಕ ಹಾಗೇ ಬಂದೆ. ಅದೂ ಡೈರಿಯಲ್ಲಿದೆ.

ಈಗ ಊರೂರು ಹೊರಟಾಗ ನಾನು ಇಟ್ಟುಕೊಳ್ಳುವ ಅಂಕಿ 9. ಟ್ಯಾಂಕು 60 ಲೀಟರ್, ಅದರಲ್ಲಿ ಹತ್ತು ಮುಟ್ಟುವುದಿಲ್ಲ. ಉಳಿದ 50ಕ್ಕೆ 450 ಕಿಲೋಮೀಟರ್. ಕಾಡು, ಘಟ್ಟದ ಕಡೆ ಇದ್ದರೆ ಅರ್ಧಕ್ಕೇ ತುಂಬಿಸುತ್ತೇನೆ. ಹನ್ನೆರಡು, ಹದಿಮೂರು ಬಂದರೆ ಬರಲಿ, ಚಹಾ ಖರ್ಚಿಗೆ ಆಯಿತು.

ಈ ಬೇಸಿಗೆಯಲ್ಲಿ ಕ್ಯಾರಿಯರ್ ಬಿಚ್ಚಿ ಮಾಳಿಗೆ ಮೇಲೆ ಇಟ್ಟಿದ್ದೇನೆ. ಆಷಾಢ ಬಂದಾಗ ಖಾಲಿ ತಲೆಯಲ್ಲಿ ಗದಗಕ್ಕೆ ಹೋಗಿ ಬರಬೇಕು, ಬರುವಾಗಿನ ಹತ್ತೂವರೆ ಎಷ್ಟಕ್ಕೆ ಏರುತ್ತದೆ ನೋಡಬೇಕು. ಸದ್ಯಕ್ಕೆ ಅವ್ವ ಅದರ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸುತ್ತಿದ್ದಾಳೆ.