ಮಾಡೆಲ್ ಅಲ್ಲಾಡಿದರೆ ಡ್ರಾಯಿಂಗೂ ಅಲ್ಲಾಡಬೇಕು: ಸಾಲಿಡ್‌ವರ್ಕ್ಸ್‌ನಲ್ಲಿ ನಾನು ಲಿಂಕ್ ಕಾಪಾಡಿಕೊಳ್ಳುವ ಬಗೆ

ಪೀಣ್ಯದಲ್ಲಿ ಫಿಕ್ಸ್ಚರ್ (ಮೆಷಿನ್ ಮೇಲೆ ಪಾರ್ಟನ್ನು ಅಲ್ಲಾಡದಂತೆ ಹಿಡಿಯುವ ಸಾಧನ) ಡಿಸೈನ್ ಕೆಲಸಕ್ಕೆ ಸೇರಿ 14 ವರ್ಷ ಆಯ್ತು. ಮೂರನೇ ವರ್ಷ ಹಾಳಾದ ಒಂದು ಬೇಸ್ ಪ್ಲೇಟ್ ಇನ್ನೂ ಕಣ್ಣ ಮುಂದಿದೆ. ಇಎನ್8 ಸ್ಟೀಲು, 20 ಮಿ.ಮೀ. ದಪ್ಪ, ಅದರಲ್ಲಿ 10 ಮಿ.ಮೀ.ನ ಎರಡು ಡೋವೆಲ್ ಹೋಲ್, ಅಂದರೆ ಮೇಲಿನ ಪ್ಲೇಟನ್ನು ಸರಿಯಾದ ಜಾಗಕ್ಕೆ ಕೂರಿಸುವ ಪಿನ್‌ಗಳ ಹೋಲ್. ಹೋಲ್‌ಗಳ ನಡುವಿನ ಅಂತರ 120 ಇತ್ತು. ಕಸ್ಟಮರ್ ಅದನ್ನು 125 ಮಾಡಿ ಅಂದರು. ಸಾಲಿಡ್‌ವರ್ಕ್ಸ್ ಅನ್ನೋ ಡಿಸೈನ್ ಸಾಫ್ಟ್‌ವೇರಿನಲ್ಲಿ, 3ಡಿ ಮಾಡೆಲ್‌ನಲ್ಲಿ ಬದಲಾಯಿಸಿದೆ. ಅದಕ್ಕೆ ಲಿಂಕ್ ಆಗಿರುವ 2ಡಿ ಡ್ರಾಯಿಂಗ್ ತೆರೆದೆ, ಹೋಲ್ ಜರುಗಿದ್ದು ಕಂಡಿತು. ಪ್ರಿಂಟ್ ತೆಗೆದು ಕೊಟ್ಟೆ.

ಮರುದಿನ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್) ನೋಡಿಕೊಳ್ಳುವ ಅಣ್ಣ ಬಂದರು. "ಮೇಡಮ್, ನೀವು ಕೊಟ್ಟ ಅಳತೆಗೇ ಹಾಕಿದ್ದೀನಿ. ಮೇಲಿನ ಪ್ಲೇಟ್ ಕೂರ್ತಾನೇ ಇಲ್ಲ, ಬಂದು ನೋಡಿ" ಅಂದರು. ಪ್ರಿಂಟ್‌ನಲ್ಲಿ 120 ಅಂತಲೇ ಇತ್ತು. ಹಿಂದೆ ಯಾವಾಗಲೋ ಅವಸರದಲ್ಲಿ ನಾನೇ ಆ ಡೈಮೆನ್ಷನ್ ಮೇಲೆ ಅಂಕಿ ಟೈಪ್ ಮಾಡಿದ್ದೆ. ಗೆರೆ ಜರುಗಿತ್ತು, ಅಂಕಿ ಜರುಗಿರಲಿಲ್ಲ. 5 ಮಿ.ಮೀ. ಆಚೆ ಹೊಸ ಹೋಲ್ ಹಾಕೋಣ ಅಂದರೆ ಅದರ ಸೆಂಟರ್ ಹಳೆ ಹೋಲಿನ ಅಂಚಿನ ಮೇಲೇ ಬೀಳುತ್ತೆ. ಅದೂ ಎಚ್7 ಅನ್ನೋ ಬಿಗಿ ಟಾಲರೆನ್ಸ್‌ಗೆ ರೀಮ್ ಮಾಡಿದ ಹೋಲು. 10ರ ಮೇಲೆ 15 ಮೈಕ್ರಾನ್ ತನಕ ಮಾತ್ರ ಅವಕಾಶ. ಪ್ಲೇಟು ಸ್ಕ್ರ್ಯಾಪ್‌ಗೆ ಹೋಯ್ತು.

ಹೊಸದಾಗಿ ಕೆಲಸಕ್ಕೆ ಬರುವ ಹುಡುಗರು, ಹುಡುಗಿಯರು ನನ್ನ ಪಕ್ಕ ಕೂತಾಗ ಮೊದಲ ವಾರವೇ ಈ ಕಥೆ ಹೇಳುತ್ತೇನೆ. ಆಮೇಲೆ ಕೆಳಗಿನದನ್ನು ಕಲಿಸುತ್ತೇನೆ.

ಮೊದಲು ಫೈಲ್ ಹೆಸರು

ಡ್ರಾಯಿಂಗ್ ಫೈಲಿನೊಳಗೆ ಪಾರ್ಟ್ (ಒಂದು ಬಿಡಿಭಾಗದ ಮಾಡೆಲ್) ಇರುವುದಿಲ್ಲ. ಯಾವ ಫೋಲ್ಡರ್‌ನಲ್ಲಿರುವ ಯಾವ ಹೆಸರಿನ ಪಾರ್ಟನ್ನು ನೋಡಬೇಕು ಅನ್ನೋ ವಿಳಾಸ ಇರುತ್ತೆ. ವಿಂಡೋಸ್‌ನಲ್ಲಿ ಎಫ್2 ಒತ್ತಿ ಪಾರ್ಟಿನ ಹೆಸರು ಬದಲಾಯಿಸಿದಿರಿ ಅಂದುಕೊಳ್ಳಿ. ಮನೆ ಬದಲಾಯಿಸಿ ಯಾರಿಗೂ ಹೇಳದೇ ಇದ್ದ ಹಾಗೆ. ಡ್ರಾಯಿಂಗ್ ತೆರೆದರೆ ಫೈಲ್ ಸಿಗ್ತಿಲ್ಲ ಅನ್ನುತ್ತೆ. ಹೆಸರು ಬದಲಾಯಿಸಲೇಬೇಕು ಅಂದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಸಾಲಿಡ್‌ವರ್ಕ್ಸ್ ಅನ್ನೋ ಮೆನುವಿನೊಳಗಿರುವ ರೀನೇಮ್ ಬಳಸಿ. ಅದು ಆ ಪಾರ್ಟನ್ನು ಬಳಸುತ್ತಿರುವ ಅಸೆಂಬ್ಲಿ (ಪಾರ್ಟ್‌ಗಳನ್ನು ಜೋಡಿಸಿದ ಮಾಡೆಲ್), ಡ್ರಾಯಿಂಗ್‌ಗಳನ್ನು ಹುಡುಕಿ ವಿಳಾಸವನ್ನೂ ತಿದ್ದುತ್ತೆ.

ಫೈಲ್ ಸಿಗ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದರೆ ಪರವಾಗಿಲ್ಲ, ಎಚ್ಚರ ಆಗ್ತೀವಿ. ಸುಮ್ನೆ ಬೇರೆ ಫೈಲ್ ತೋರಿಸಿಬಿಡೋದು ಅದಕ್ಕಿಂತ ಅಪಾಯ. ಸಾಲಿಡ್‌ವರ್ಕ್ಸ್ ಮೊದಲು ಹುಡುಕುವುದು ಆಗಲೇ ತೆರೆದಿರುವ ಫೈಲ್‌ಗಳಲ್ಲಿ. ಹಳೆ ಪ್ರಾಜೆಕ್ಟಿನ "ಬೇಸ್ ಪ್ಲೇಟ್" ತೆರೆದುಕೊಂಡಿದ್ದೀರಿ, ಹೊಸ ಪ್ರಾಜೆಕ್ಟಿನ ಪಾರ್ಟಿಗೂ "ಬೇಸ್ ಪ್ಲೇಟ್" ಅಂತಲೇ ಹೆಸರು. ಈಗ ಹೊಸ ಡ್ರಾಯಿಂಗ್ ತೆರೆದರೆ ಅದು ಹಳೆ ಪ್ಲೇಟನ್ನು ಎಳೆದುಕೊಳ್ಳಬಹುದು. ಎರಡೂ ಚೌಕ, ಎರಡರಲ್ಲೂ ಆರು ಹೋಲ್. ಕಣ್ಣಿಗೆ ವ್ಯತ್ಯಾಸ ಗೊತ್ತಾಗೋದೇ ಇಲ್ಲ. ಅದಕ್ಕೇ ಬೇಸ್ ಪ್ಲೇಟ್, ಕ್ಲ್ಯಾಂಪ್, ಬ್ರಾಕೆಟ್ ಅಂತ ಬರೀ ಹೆಸರು ನಾನು ಇಡುವುದಿಲ್ಲ. ಮುಂದೆ ಪ್ರಾಜೆಕ್ಟ್ ನಂಬರ್ ಇರಲೇಬೇಕು. ಡ್ರಾಯಿಂಗಿಗೂ ಪಾರ್ಟಿನದೇ ಹೆಸರು, ಅದೇ ಫೋಲ್ಡರ್. ಹಾಗಿದ್ದರೆ ಅಸೆಂಬ್ಲಿಯೊಳಗೆ ಪಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಡ್ರಾಯಿಂಗ್ ಅಂದರೆ ನೇರ ಅದೇ ತೆರೆದುಕೊಳ್ಳುತ್ತೆ. ಅನುಮಾನ ಬಂದರೆ ಫೈಲ್ ಮೆನುವಿನ ಫೈಂಡ್ ರೆಫರೆನ್ಸಸ್ ತೆರೆದು ಪೂರ್ತಿ ಪಾತ್ ಓದಿ.

ಹಳೆ ಫಿಕ್ಸ್ಚರನ್ನು ಹೊಸ ಕೆಲಸಕ್ಕೆ ಕಾಪಿ ಮಾಡುವುದು ನಮ್ಮಲ್ಲಿ ದಿನದ ಕೆಲಸ. ಫೋಲ್ಡರ್ ಕಾಪಿ ಪೇಸ್ಟ್ ಮಾಡಬೇಡಿ, ಒಂದೇ ಹೆಸರಿನ ಎರಡು ಸೆಟ್ ಹುಟ್ಟುತ್ತವೆ. ಪ್ಯಾಕ್ ಅಂಡ್ ಗೋ ಬಳಸಿ. ಅದರಲ್ಲಿ ಡ್ರಾಯಿಂಗ್‌ಗಳನ್ನೂ ಸೇರಿಸು ಅನ್ನೋ ಟಿಕ್ ಹಾಕಿ, ಹೆಸರಿನ ಹಿಂದೆ ಅಥವಾ ಮುಂದೆ ಹೊಸ ನಂಬರ್ ಕೊಡಿ. ಪಾರ್ಟು, ಅಸೆಂಬ್ಲಿ, ಡ್ರಾಯಿಂಗು ಎಲ್ಲವೂ ಹೊಸ ಹೆಸರಲ್ಲಿ ಒಟ್ಟಿಗೆ ಬರುತ್ತವೆ, ಒಂದಕ್ಕೊಂದು ಲಿಂಕ್ ಆಗಿಯೇ ಇರುತ್ತವೆ. ಡ್ರಾಯಿಂಗ್ ತೆರೆದಿರುವಾಗಲೇ ಪಾರ್ಟಿಗೆ ಸೇವ್ ಆ್ಯಸ್ ಕೊಡಬೇಡಿ. ತೆರೆದಿರುವ ಡ್ರಾಯಿಂಗ್ ಹಳೆ ಪಾರ್ಟನ್ನು ಬಿಟ್ಟು ಹೊಸದರ ಹಿಂದೆ ಹೋಗುತ್ತೆ. ಆಗ ಬರುವ ಎಚ್ಚರಿಕೆಯನ್ನು ಬಹಳ ಜನ ಓದದೇ ಓಕೆ ಒತ್ತುತ್ತಾರೆ.

ಅಂಕಿಯನ್ನು ಟೈಪ್ ಮಾಡಬೇಡಿ

ಡೈಮೆನ್ಷನ್ ಹಾಕಲು ನಾನು ಮೊದಲು ಇನ್ಸರ್ಟ್ ಮೆನುವಿನ ಮಾಡೆಲ್ ಐಟಮ್ಸ್‌ಗೆ ಹೋಗುತ್ತೇನೆ. ಮಾಡೆಲಿಗೆ ಆಧಾರವಾದ ಸ್ಕೆಚ್‌ನಲ್ಲಿ ಕೊಟ್ಟ ಅಳತೆಗಳೇ ಡ್ರಾಯಿಂಗಿಗೆ ಬರುತ್ತವೆ. ಇವು ಎರಡೂ ಕಡೆ ಕೆಲಸ ಮಾಡುತ್ತವೆ. ಡ್ರಾಯಿಂಗ್‌ನಲ್ಲಿ ಬದಲಾಯಿಸಿದರೆ ಪಾರ್ಟೂ ಬದಲಾಗುತ್ತೆ, ಹುಷಾರು. ಮಿಕ್ಕದ್ದನ್ನು ಸ್ಮಾರ್ಟ್ ಡೈಮೆನ್ಷನ್‌ನಲ್ಲಿ ಹಾಕುತ್ತೇನೆ, ಅವು ಮಾಡೆಲನ್ನು ಓದಿ ತೋರಿಸುತ್ತವೆ ಅಷ್ಟೇ. ಟ್ಯಾಪಿಂಗ್ (ಒಳಗಿನ ಥ್ರೆಡ್), ಕೌಂಟರ್‌ಬೋರ್ (ಬೋಲ್ಟಿನ ತಲೆ ಕೂರುವ ಗುಳಿ) ಇರುವ ಹೋಲ್‌ಗಳನ್ನು ಮಾಡೆಲ್‌ನಲ್ಲಿ ಹೋಲ್ ವಿಝಾರ್ಡ್‌ನಿಂದಲೇ ಮಾಡಿ. ಡ್ರಾಯಿಂಗ್‌ನಲ್ಲಿ ಹೋಲ್ ಕಾಲ್‌ಔಟ್ (ಹೋಲಿನ ವಿವರದ ಬರಹ) ಹಾಕಿದರೆ ಥ್ರೆಡ್ ಎಂ8 ಹೋಗಿ ಎಂ10 ಆದಾಗ ಬರಹವೂ ತಾನೇ ಬದಲಾಗುತ್ತೆ.

ನಿಜವಾದ ಅಳತೆಯ ಮೇಲೆ ನಮ್ಮ ಅಂಕಿ ಬರೆಯಲು ಬಿಡುವ ಓವರ್‌ರೈಡ್ ವ್ಯಾಲ್ಯೂ ಅನ್ನೋ ಟಿಕ್ಕನ್ನು ಮಾತ್ರ ಮುಟ್ಟಬೇಡಿ. ನನ್ನ ಪ್ಲೇಟ್ ಹಾಳಾಗಿದ್ದು ಅದರಿಂದಲೇ. ಅಂಕಿ ಸರಿ ಕಾಣ್ತಿಲ್ಲ ಅಂದರೆ ತಪ್ಪು ಮಾಡೆಲ್‌ನಲ್ಲಿದೆ. ಅಲ್ಲಿ ಹೋಗಿ ಸರಿಮಾಡಿ.

ಓವರ್‌ರೈಡ್ ಆದ ಅಂಕಿ ಪ್ರಿಂಟ್‌ನಲ್ಲಿ ಬೇರೆಯವುಗಳ ಹಾಗೇ ಕಾಣುತ್ತೆ. ಅದನ್ನು ಹಿಡಿಯಲು ನಾನೊಂದು ಉಪಾಯ ಮಾಡುತ್ತೇನೆ, ಅಲ್ಲಾಡಿಸಿ ನೋಡುವುದು ಅಂತ ಅದನ್ನು ಕರೀತೀನಿ. ಬೇರೆಯವರು ಮಾಡಿದ ಡ್ರಾಯಿಂಗ್ ಕೈಗೆ ಬಂದರೆ ಇದಾಗದೇ ಪ್ರಿಂಟ್ ಕೊಡೋದಿಲ್ಲ. ಡ್ರಾಯಿಂಗ್ ಮತ್ತು ಪಾರ್ಟ್ ಎರಡನ್ನೂ ತೆರೆಯಿರಿ. ಪಾರ್ಟಿನ ಮುಖ್ಯ ಅಳತೆಗಳಿಗೆ ವಿಚಿತ್ರ ಅಂಕಿ ಕೊಡಿ. 120 ಇದ್ದರೆ 123.7, ದಪ್ಪ 20 ಇದ್ದರೆ 21.3. ರೀಬಿಲ್ಡ್ ಮಾಡಿ ಡ್ರಾಯಿಂಗಿಗೆ ಬನ್ನಿ. ದಶಾಂಶ ಬಂದಿರುವ ಅಂಕಿಗಳೆಲ್ಲ ಜೀವಂತ. ಬದಲಾಗಬೇಕಿದ್ದೂ ದುಂಡಗೆ 120 ಅಂತ ಕೂತಿರೋದು ಯಾವುದು ನೋಡಿ, ಅದೇ ಕಳ್ಳ. ಅದನ್ನು ಗುರುತು ಮಾಡಿಕೊಂಡು ಎರಡೂ ಫೈಲ್‌ಗಳನ್ನು ಸೇವ್ ಮಾಡದೇ ಮುಚ್ಚಿ. ಆಮೇಲೆ ಮತ್ತೆ ತೆರೆದು ಆ ಡೈಮೆನ್ಷನ್ ಅಳಿಸಿ ಹೊಸದಾಗಿ ಹಾಕಿ. ಐದೇ ನಿಮಿಷದ ಕೆಲಸ.

ಡ್ರಾಯಿಂಗಿನ ಮೂಲೆಯಲ್ಲಿ ವಿವರ ಇರುವ ಟೈಟಲ್ ಬ್ಲಾಕಿಗೂ ಇದೇ ಮಾತು. ಮಟೀರಿಯಲ್, ತೂಕ, ಪಾರ್ಟ್ ನಂಬರ್ ಯಾವುದನ್ನೂ ಕೈಯಲ್ಲಿ ಬರೆಯಬೇಡಿ. ನೋಟ್ ಹಾಕುವಾಗ ಸಿಗುವ ಲಿಂಕ್ ಟು ಪ್ರಾಪರ್ಟಿ ಒತ್ತಿ, ಮಾಡೆಲಿನ ಪ್ರಾಪರ್ಟಿಗೆ ಜೋಡಿಸಿ. ಟೆಂಪ್ಲೇಟ್‌ನಲ್ಲಿ ಒಂದು ಸಲ ಮಾಡಿಟ್ಟರೆ ಸಾಕು. ಬಿಲ್ ಆಫ್ ಮಟೀರಿಯಲ್ಸ್‌ನ (ಪಾರ್ಟ್‌ಗಳ ಪಟ್ಟಿ) ಸೆಲ್ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಲಿಂಕ್ ಉಳಿಸಲಾ, ಮುರಿಯಲಾ ಅಂತ ಕೇಳುತ್ತೆ. ಉಳಿಸು ಅನ್ನಿ. ಬರೆದದ್ದು ಪಾರ್ಟಿಗೇ ಹೋಗಿ ಸೇರುತ್ತೆ.

ಬಣ್ಣ ಬದಲಾದ ಡೈಮೆನ್ಷನ್

ಕೆಲವು ಡೈಮೆನ್ಷನ್‌ಗಳು ಇದ್ದಕ್ಕಿದ್ದಂತೆ ಮಣ್ಣಿನ ಬಣ್ಣಕ್ಕೆ ತಿರುಗುತ್ತವೆ. ಅವಕ್ಕೆ ಡ್ಯಾಂಗ್ಲಿಂಗ್ ಅಂತಾರೆ, ಹಿಡಿದುಕೊಂಡಿದ್ದ ಅಂಚು ಕಳೆದುಹೋಗಿದೆ ಅಂತ ಅರ್ಥ. ಹೆಚ್ಚಿನ ಸಲ ಕಾರಣ ಒಂದೇ. ಯಾರೋ ಒಂದು ಫೀಚರನ್ನು (ಹೋಲ್, ಪಾಕೆಟ್‌ನಂಥ ಆಕಾರ) ತಿದ್ದುವ ಬದಲು ಅಳಿಸಿ ಹೊಸದಾಗಿ ಬರೆದಿದ್ದಾರೆ. ನಮ್ಮ ಕಣ್ಣಿಗೆ ಅದೇ ಪಾಕೆಟ್, ಸಾಫ್ಟ್‌ವೇರಿಗೆ ಅದು ಬೇರೆ. ಆದ್ದರಿಂದ ಡ್ರಾಯಿಂಗ್ ಆದಮೇಲೆ ಮಾಡೆಲ್‌ನಲ್ಲಿ ಸ್ಕೆಚ್ ತಿದ್ದಿ, ಅಳಿಸಬೇಡಿ. ಚೇಂಫರ್ (ಓರೆಯಾಗಿ ಕತ್ತರಿಸಿದ ಅಂಚು), ಫಿಲೆಟ್‌ಗಳನ್ನು (ದುಂಡಗೆ ಮಾಡಿದ ಅಂಚು) ಕೊನೆಗೆ ಇಟ್ಟುಕೊಳ್ಳಿ, ಆದರೆ ಡ್ರಾಯಿಂಗ್ ಶುರುಮಾಡುವ ಮೊದಲು ಮುಗಿಸಿ. ಡ್ಯಾಂಗ್ಲಿಂಗ್ ಆದದ್ದನ್ನು ಒತ್ತಿದರೆ ತುದಿಯಲ್ಲಿ ಕೆಂಪು ಚೌಕ ಕಾಣುತ್ತೆ, ಅದನ್ನು ಎಳೆದು ಸರಿಯಾದ ಅಂಚಿಗೆ ಹಚ್ಚಿ. ಬಣ್ಣ ಚೆನ್ನಾಗಿಲ್ಲ ಅಂತ ಕಪ್ಪು ಮಾಡಿ ಪ್ರಿಂಟ್ ಕೊಟ್ಟವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ದೊಡ್ಡ ಅಸೆಂಬ್ಲಿ ನಿಧಾನ ಅಂತ ಕೆಲವರು ಆಟೋಮ್ಯಾಟಿಕ್ ವ್ಯೂ ಅಪ್‌ಡೇಟ್ ಆಫ್ ಮಾಡಿರುತ್ತಾರೆ. ಆಗ ಹಳೆಯದಾದ ವ್ಯೂ ಮೇಲೆ ಅಡ್ಡ ಗೆರೆಗಳು ಬರುತ್ತವೆ. ಪ್ರಿಂಟ್ ಮೊದಲು ಕಂಟ್ರೋಲ್ ಕ್ಯೂ ಒತ್ತಿ, ಗೆರೆ ಹೋಯ್ತಾ ನೋಡಿ. ಡೀಟೇಲಿಂಗ್ ಮೋಡ್‌ನಲ್ಲಿ ತೆರೆದಿದ್ದರೆ ಮಾಡೆಲ್ ಲೋಡೇ ಆಗಿರುವುದಿಲ್ಲ, ಅದರಿಂದ ಹೊರಬಂದು ಆಮೇಲೆ ಪ್ರಿಂಟ್ ಕೊಡಿ.

ಲೇಸರ್ ಕಟಿಂಗ್‌ನವರಿಗೆ ಕಳಿಸುವ ಡಿಎಕ್ಸ್‌ಎಫ್ ಅನ್ನೋ 2ಡಿ ಫೈಲ್‌ಗೆ, ಕಸ್ಟಮರ್‌ಗೆ ಕಳಿಸುವ ಪಿಡಿಎಫ್‌ಗೆ ಈ ಲಿಂಕ್ ಇಲ್ಲ. ಅದು ಅವತ್ತಿನ ಫೋಟೋ. ಹೆಸರಿನ ಕೊನೆಗೆ ರಿವಿಷನ್ (ಎಷ್ಟನೇ ತಿದ್ದುಪಡಿ ಅನ್ನೋ ಗುರುತು) ಹಾಕದೇ ಕಳಿಸಬೇಡಿ. ಮಾಡೆಲ್ ಬದಲಾದರೆ ಹೊಸದು ಕಳಿಸಿ, ಹಳೆಯದನ್ನು ಅಳಿಸಿದ್ದಾರಾ ಅಂತ ಫೋನ್ ಮಾಡಿ ಕೇಳಿ.

ಕಾಗದದ ಪ್ರಿಂಟ್‌ಗೂ ಲಿಂಕ್ ಇಲ್ಲ, ಅಲ್ವಾ? ಶಾಪ್ ಫ್ಲೋರ್‌ನಲ್ಲಿ ಪಾರ್ಟ್ ಕೂರಿಸುವಾಗ ಅರ್ಧ ಮಿಲಿ ಕ್ಲಿಯರೆನ್ಸ್ ಜಾಸ್ತಿ ಬೇಕು ಅಂತ ಪೆನ್‌ನಲ್ಲಿ ಬರೆದುಕೊಂಡಿರುತ್ತಾರೆ. ಆ ಪೆನ್ನಿನ ಬರಹ ನಮಗೆ ಬಂಗಾರ, ಆದರೆ ಅದು ಮಾಡೆಲ್ ತನಕ ಬರಬೇಕು. ನಮ್ಮಲ್ಲಿ ಈಗ ಅದರ ಫೋಟೋ ವಾಟ್ಸಾಪ್‌ಗೆ ಬರುತ್ತೆ. ನಾನು ಮೊದಲು ಮಾಡೆಲ್ ತಿದ್ದುತ್ತೇನೆ, ರಿವಿಷನ್ ಏರಿಸುತ್ತೇನೆ, ಹೊಸ ಪ್ರಿಂಟ್ ತೆಗೆದುಕೊಂಡು ಮೆಷಿನ್ ಹತ್ರ ಹೋಗುತ್ತೇನೆ. ವಿಎಂಸಿ ಅಣ್ಣ ಹಳೆ ಪ್ರಿಂಟನ್ನು ನನ್ನ ಕೈಗೆ ವಾಪಸ್ ಇಟ್ಟ ಮೇಲೇ ಹೊಸದನ್ನು ಬೋರ್ಡಿಗೆ ಹಚ್ಚುತ್ತಾರೆ.