‘ಗಜನಿ’ ಪದಕ್ಕೆ ಅರ್ಥ ಬರೆದ ಬಗೆ

ಕರಾವಳಿಯ ಜೌಗು ನೆಲಗಳ ಕುರಿತ ವರದಿಗಳನ್ನು ಕನ್ನಡಕ್ಕೆ ತರುವಾಗ ಜೊತೆಗೊಂದು ಪದಕೋಶವನ್ನೂ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಳಿವೆ, ಬೆಂಗ್ರೆ, ಕುದ್ರುಗಳಿಗೆ ಅರ್ಥ ಬರೆಯುವುದು ಕಷ್ಟವಾಗಲಿಲ್ಲ. ಹೊಳೆ ಕಡಲು ಸೇರುವ ಬಾಯಿ ಅಳಿವೆ, ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿ ಬೆಂಗ್ರೆ, ಹೊಳೆಯ ನಡುಗಡ್ಡೆ ಕುದ್ರು. ಉತ್ತರ ಕನ್ನಡದಲ್ಲಿ ಇದೇ ಕುರ್ವೆಯಾಗಿ ಐಗಳಕುರ್ವೆ, ಮಾವಿನಕುರ್ವೆಗಳಂಥ ಊರ ಹೆಸರುಗಳಲ್ಲಿ ಉಳಿದುಕೊಂಡಿದೆ. ಹೆಚ್ಚು ಹೊತ್ತು ಹಿಡಿದದ್ದು ಗಜನಿ.

ಕೈಗೆ ಸಿಕ್ಕ ಬರಹಗಳಲ್ಲಿ ಇದಕ್ಕೆ ತಗ್ಗು ಭೂಮಿ, ಉಪ್ಪುನೀರಿನ ಗದ್ದೆ, ಹಿನ್ನೀರು ಪ್ರದೇಶ ಎಂಬ ವಿವರಣೆಗಳಿದ್ದವು. ಸರ್ಕಾರಿ ಕಡತಗಳು ಖಾರ್‌ಲ್ಯಾಂಡ್ ಎಂದು ಬರೆದು ಸುಮ್ಮನಾಗುತ್ತವೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೂ ಸಾಲದು. ಹೀಗಾಗಿ ನಾನು ಅರ್ಥವನ್ನು ಹುಡುಕುವುದನ್ನು ಬಿಟ್ಟು, ಕುಮಟಾ ತಾಲ್ಲೂಕಿನ ಅಘನಾಶಿನಿ ದಡದ ಊರುಗಳಲ್ಲಿ ಆ ಪದ ಯಾವ ಮಾತುಗಳ ಜೊತೆ ಬರುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳತೊಡಗಿದೆ. ಗಜನಿ ಕಟ್ಟೆ, ಗಜನಿ ಬಿತ್ತನೆ, ಗಜನಿ ಹರಾಜು, ಗಜನಿಗೆ ನೀರು ಬಿಡುವುದು. ಬಿತ್ತುವುದು ಭತ್ತವನ್ನು, ಹರಾಜಾಗುವುದು ಮೀನು-ಸಿಗಡಿ ಹಿಡಿಯುವ ಹಕ್ಕು. ಎರಡಕ್ಕೂ ನೆಲ ಒಂದೇ. ಬರಿಯ ಗದ್ದೆ ಎಂದರೆ ಅರ್ಧ ವರ್ಷ ಬಿಟ್ಟುಹೋಗುತ್ತದೆ ಎಂಬುದು ಇಲ್ಲಿ ಖಚಿತವಾಯಿತು.

ಮಳೆಗಾಲದಲ್ಲಿ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ, ಉಪ್ಪನ್ನೂ ಮುಳುಗಡೆಯನ್ನೂ ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಗೊಬ್ಬರವಿಲ್ಲದೆ ಬೆಳೆಯುತ್ತಾರೆ. ಕೊಯ್ಲಾದ ಬಳಿಕ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಉಳಿದ ಕೂಳೆ ಕೊಳೆತು ಸಿಗಡಿಗೆ ಮೇವಾಗುತ್ತದೆ. ಈ ಎರಡು ಕಾಲಗಳ ನಡುವಿನ ಕೀಲು ಕಟ್ಟೆಯಲ್ಲಿರುವ ಜಂತ್ರಡಿ, ಅಂದರೆ ಹಲಗೆಯ ತೂಬು. ಉಬ್ಬರದಲ್ಲಿ ಹಲಗೆ ಎತ್ತಿದರೆ ನೀರಿನೊಂದಿಗೆ ಸಿಗಡಿಯ ಮರಿಗಳೂ ಒಳಬರುತ್ತವೆ. ಇಳಿತದಲ್ಲಿ ತೂಬಿನ ಬಾಯಿಗೆ ಬಲೆ ಕಟ್ಟಿದರೆ ಹೊರಹೋಗುವ ನೀರು ಬೆಳೆದ ಸಿಗಡಿಯನ್ನು ತಾನೇ ತಂದುಕೊಡುತ್ತದೆ. ಮಾಣಿಕಟ್ಟಾದ ಕಡೆ ಇದನ್ನು ನೋಡಿದ ಮೇಲೆ, ಜಂತ್ರಡಿಯ ಉಲ್ಲೇಖವಿಲ್ಲದ ಯಾವ ವಿವರಣೆಯೂ ನನಗೆ ಒಪ್ಪಿಗೆಯಾಗಲಿಲ್ಲ. ಪಕ್ಕದ ಸಾಣಿಕಟ್ಟಾದ ಉಪ್ಪಿನಾಗರಗಳಿಗೂ ಕಟ್ಟೆಯಿದೆ, ಅಲ್ಲಿಗೂ ಉಪ್ಪುನೀರೇ ಬರುತ್ತದೆ. ಆದರೆ ಅಲ್ಲಿ ನೀರನ್ನು ಒಣಗಿಸುತ್ತಾರೆ, ಆದ್ದರಿಂದ ಆಗರಕ್ಕೆ ಬೇರೆಯೇ ನಮೂದು ಬೇಕಾಯಿತು.

ಈ ಖಚಿತತೆ ಬರಿಯ ಪಂಡಿತರ ಹಟವಲ್ಲ. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದರಿಂದ ಈ ಊರುಗಳ ಕುರಿತ ಕಾಗದಪತ್ರಗಳು ಕನ್ನಡದಲ್ಲಿಯೂ ಬರಬೇಕಾಗಿವೆ. 1971ರ ರಾಮ್ಸಾರ್ ಒಪ್ಪಂದದ ಪ್ರಕಾರ ಇಳಿತದ ಹೊತ್ತಿನಲ್ಲಿ ಆರು ಮೀಟರ್‌ಗಿಂತ ಆಳವಿಲ್ಲದ ಕಡಲ ನೀರೂ ಜೌಗು ಪ್ರದೇಶವೇ, ಮನುಷ್ಯ ಮಾಡಿದ ಜೌಗೂ ಜೌಗೇ. ಈ ವಿಶಾಲ ಪದದೊಳಗೆ ಗಜನಿಯ ಜಾಗ ಯಾವುದೆಂದು ಹೇಳದಿದ್ದರೆ, ಅದನ್ನು ಬೇಸಾಯ ಮಾಡಿಕೊಂಡು ಬಂದವರೇ ಓದುಗರಾದಾಗ ಆ ಬರಹ ಅವರದ್ದಾಗಿ ಕಾಣುವುದಿಲ್ಲ.

ಕೊನೆಗೆ ನಾನು ಬರೆದದ್ದು ಇಷ್ಟು: ‘ಗಜನಿ: ಅಳಿವೆಯ ಅಂಚಿನಲ್ಲಿ ಉಬ್ಬರದ ನೀರು ತಲುಪುವ, ಕಟ್ಟೆ ಮತ್ತು ಜಂತ್ರಡಿಗಳಿಂದ ನೀರನ್ನು ಹತೋಟಿಯಲ್ಲಿಟ್ಟ ತಗ್ಗು ಬಯಲು, ಮಳೆಗಾಲದಲ್ಲಿ ಕಗ್ಗ ಭತ್ತದ ಗದ್ದೆ, ಬಳಿಕ ಮೀನು-ಸಿಗಡಿಯ ನೆಲೆ. ಹೋಲಿಸಿ: ಗೋವಾದ ಖಾಜನ್, ಕೇರಳದ ಪೊಕ್ಕಾಳಿ ಗದ್ದೆ.’ ಕರಡನ್ನು ಊರಿನ ಹಿರಿಯರೊಬ್ಬರಿಗೆ ಓದಿ ಹೇಳಿದಾಗ ಅವರು ಒಂದೇ ತಿದ್ದುಪಡಿ ಸೂಚಿಸಿದರು. ಕಟ್ಟೆ ಒಡೆದು, ಬೇಸಾಯ ನಿಂತು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ತುಂಬಿಕೊಂಡ ಬಯಲನ್ನೂ ಊರವರು ಗಜನಿ ಎಂದೇ ಕರೆಯುತ್ತಾರೆ. ಅದಕ್ಕಾಗಿ ‘ಹತೋಟಿಯಲ್ಲಿಟ್ಟ’ ಎಂಬುದರ ಮುಂದೆ ‘ಅಥವಾ ಹಿಂದೆ ಇಟ್ಟಿದ್ದ’ ಎಂದು ಸೇರಿಸಿದೆ.